ಬಚ್ಚಿಟ್ಟ ಮರ, ಬಿಕರಿಗಿಟ್ಟ ಮರ

ಒಂದು ಮರದ ಜಾತಿ ಇದೆ ಅಂದುಕೊಳ್ಳಿ. ಕಾಡಿನಲ್ಲಿ ಅದರ ಬೆಳೆದ ಮರಗಳು ನೂರು ಕೂಡ ಇಲ್ಲ. ಅದನ್ನು ಉಳಿಸುವ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಿತ್ತು. ಏನು ಮಾಡುತ್ತೀರಿ? ಅದು ಎಲ್ಲಿದೆ ಅನ್ನೋದನ್ನು ಗುಟ್ಟಾಗಿಡುತ್ತೀರಿ, ಯಾರೂ ಹತ್ತಿರ ಹೋಗಬಾರದು ಅಂತ ಕಾನೂನು ಮಾಡುತ್ತೀರಿ, ಹೋದವರಿಗೆ ದಂಡ ಹಾಕುತ್ತೀರಿ. ಆಸ್ಟ್ರೇಲಿಯಾದವರು ಇದನ್ನೆಲ್ಲ ಮಾಡಿದರು. ಇದರ ಜೊತೆಗೇ ಇನ್ನೊಂದು ಕೆಲಸವನ್ನೂ ಮಾಡಿದರು. ಅದೇ ಮರದ ಸಸಿಗಳನ್ನು ಸಾವಿರಗಟ್ಟಲೆ ಬೆಳೆಸಿ, ಕುಂಡಕ್ಕೆ ಹಾಕಿ, ದುಡ್ಡು ಕೊಟ್ಟವರಿಗೆಲ್ಲ ಮಾರಿಬಿಟ್ಟರು.

ಆ ಮರದ ಹೆಸರು ವೊಲೆಮೈ ಪೈನ್. ಅಂಥ ಸಸಿಗಳಲ್ಲಿ ಒಂದು ಈಗ ಸಿಡ್ನಿಯಲ್ಲಿ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿದೆ. ನೀರು ಹಾಕುವಾಗಲೆಲ್ಲ ಒಂದು ಯೋಚನೆ ಬರುತ್ತದೆ. ಈ ಮರಕ್ಕೆ ಕೊಡಲಿ ಹಿಡಿದವರಿಂದ ಏನೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಇದನ್ನು ನೋಡಬೇಕು, ಮುಟ್ಟಬೇಕು, ಮನೆಗೆ ತರಬೇಕು ಅಂತ ಆಸೆಪಡುವ ನಮ್ಮಂಥವರಿಂದ. ಹಾಗಾಗಿ ಮರವನ್ನು ಕಾಯುವವರು ಮರಕ್ಕಿಂತ ಜಾಸ್ತಿ ನಮ್ಮ ಆಸೆಯನ್ನೇ ನಿಭಾಯಿಸಬೇಕಾಯಿತು. ಇದು ಡೈನೋಸಾರ್ ಕಾಲದ ಮರ ಅಂತ ಎಲ್ಲರೂ ಹೇಳುವ ಕಥೆಗಿಂತ ನನಗೆ ಆ ಕಥೆ ಇಷ್ಟ.

ಆದರೆ ಮೊದಲು ಸಿಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಸಿಡ್ನಿಯಿಂದ ವಾಯವ್ಯಕ್ಕೆ, 200 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ವೊಲೆಮೈ ರಾಷ್ಟ್ರೀಯ ಉದ್ಯಾನ ಇದೆ. ಹೆಸರಿಗೆ ಉದ್ಯಾನ ಅಷ್ಟೇ. ಸುಮಾರು 5 ಲಕ್ಷ ಹೆಕ್ಟೇರ್ ಕಾಡು, ಮರಳುಗಲ್ಲಿನ ಬಂಡೆಗಳು, ಆ ಬಂಡೆಗಳ ನಡುವೆ ನೀರು ಕೊರೆದ ಆಳವಾದ ಕಂದರಗಳು. 1994ರ ಸೆಪ್ಟೆಂಬರಿನಲ್ಲಿ ಡೇವಿಡ್ ನೋಬಲ್ ಅನ್ನುವವರು ಗೆಳೆಯರ ಜೊತೆ ಹಗ್ಗ ಕಟ್ಟಿಕೊಂಡು ಅಂಥ ಒಂದು ಕಂದರಕ್ಕೆ ಇಳಿದರು. ಅವರು ಇದೇ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಷ್ಟ್ರೀಯ ಉದ್ಯಾನ ಇಲಾಖೆಯ ನೌಕರ. ರಜೆ ಸಿಕ್ಕರೆ ಹೊಸ ಹೊಸ ಕಂದರ ಹುಡುಕಿಕೊಂಡು ಹೋಗುವುದು ಅವರ ಹುಚ್ಚು. ಕೆಳಗೆ ಇಳಿದಾಗ ಕಂಡ ಮರಗಳು ಪರಿಚಯದವು ಅನಿಸಲಿಲ್ಲ. ಬಿದ್ದಿದ್ದ ಒಂದು ಸಣ್ಣ ರೆಂಬೆಯನ್ನು ಬ್ಯಾಗಿಗೆ ಹಾಕಿಕೊಂಡು ಬಂದರು.

ಅದನ್ನು ಇಲಾಖೆಯ ಸಸ್ಯತಜ್ಞ ವಿನ್ ಜೋನ್ಸ್ ಅವರಿಗೆ ತೋರಿಸಿದರೆ, ಅವರು ಇದೇನು ಜರಿಗಿಡದ್ದಾ ಪೊದೆಯದ್ದಾ ಅಂತ ಕೇಳಿದರಂತೆ. ಎರಡೂ ಅಲ್ಲ, ಭಾರೀ ದೊಡ್ಡ ಮರದ್ದು ಅನ್ನುವುದು ನೋಬಲ್ ಕೊಟ್ಟ ಉತ್ತರ. ಅದು ನಿಜವೇ. ಕಂದರದ ಮರಗಳಲ್ಲಿ ಕೆಲವು 40 ಮೀಟರ್ ಎತ್ತರ ಇವೆ, ಕಾಂಡ ಒಂದು ಮೀಟರಿಗಿಂತ ದಪ್ಪ. ಇಷ್ಟು ದೊಡ್ಡ ಮರ, ಲಕ್ಷಾಂತರ ಜನ ಇರುವ ನಗರದಿಂದ ಅರ್ಧ ದಿನದ ದಾರಿಯಲ್ಲಿ, ವಿಜ್ಞಾನದ ಲೆಕ್ಕಕ್ಕೆ ಸಿಗದೆ 1994ರವರೆಗೆ ನಿಂತಿತ್ತು ಅಂದರೆ ನಂಬೋಕೆ ಕಷ್ಟ ಅಲ್ವಾ. 1995ರಲ್ಲಿ ಜೋನ್ಸ್, ಕೆನ್ ಹಿಲ್, ಜ್ಯಾನ್ ಆಲೆನ್ ಸೇರಿ ಇದಕ್ಕೆ ವೊಲೆಮಿಯಾ ನೊಬಿಲಿಸ್ ಅಂತ ಹೆಸರಿಟ್ಟರು. ಹೊಸ ಜಾತಿ ಮಾತ್ರ ಅಲ್ಲ, ಅದರ ಮೇಲಿನ ಕುಲವೂ ಹೊಸದೇ.

ಪೈನ್ ಅಂತ ಕರೆದರೂ ಇದು ಪೈನ್ ಅಲ್ಲ. ಇದರ ಕುಟುಂಬ ಅರಕೇರಿಯಾ. ನಾವು ಕ್ರಿಸ್‌ಮಸ್ ಗಿಡ ಅಂತ ಮನೆ ಮುಂದೆ ನೆಡುವ, ಅಂತಸ್ತು ಅಂತಸ್ತಾಗಿ ಬೆಳೆಯುವ ಗಿಡ ಇದೆಯಲ್ಲ, ಅದು ಇದರ ದಾಯಾದಿ. ನ್ಯೂಜಿಲೆಂಡಿನ ಕೌರಿ, ಚಿಲಿಯ ಮಂಕಿ ಪಜಲ್ ಕೂಡ ಅದೇ ಬಳಗ. ಈ ಮರದ್ದೇ ಅನ್ನಬಹುದಾದ ಪರಾಗದ ಪಳೆಯುಳಿಕೆ ಮೊದಲೇ ಸಿಕ್ಕಿತ್ತು, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಂಟಾರ್ಕ್ಟಿಕಾದ ಕಲ್ಲುಗಳಲ್ಲಿ. ಹಳೆಯದು 9 ಕೋಟಿ ವರ್ಷದ್ದು, ಕೊನೆಯದು ಸುಮಾರು 20 ಲಕ್ಷ ವರ್ಷದ ಹಿಂದಿನದು. ಪರಾಗಕ್ಕೊಂದು ಹೆಸರೂ ಇತ್ತು. ಅದನ್ನು ಉದುರಿಸಿದ ಮರ ಯಾವುದು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್ಸ್‌ನ ಆಗಿನ ನಿರ್ದೇಶಕ ಕ್ಯಾರಿಕ್ ಚೇಂಬರ್ಸ್ ಇದನ್ನು ಬದುಕಿರುವ ಪುಟ್ಟ ಡೈನೋಸಾರ್ ಸಿಕ್ಕಿದ್ದಕ್ಕೆ ಹೋಲಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಡೈನೋಸಾರ್ ಮರ! ಸಸಿಯ ಚೀಟಿಯ ಮೇಲೆ ಡೈನೋಸಾರ್, ಪತ್ರಿಕೆಯಲ್ಲಿ ಡೈನೋಸಾರ್. ನನಗೆ ಇದು ಅಷ್ಟೇನೂ ಹಿಡಿಸಲ್ಲ. ಹಳೇ ವಂಶದ ಗಿಡ ಬೇಕಿದ್ದರೆ ಯಾವ ನರ್ಸರಿಯಲ್ಲಾದರೂ ಜರಿಗಿಡ ಸಿಗುತ್ತದೆ, ಸೈಕಸ್ ಸಿಗುತ್ತದೆ. ನನ್ನ ಕುಂಡದಲ್ಲಿರುವ ಗಿಡ ಡೈನೋಸಾರನ್ನು ನೋಡಿಲ್ಲ, ವಯಸ್ಸಿನಲ್ಲಿ ನನ್ನ ಹಳೇ ಫೋನಿಗಿಂತ ಚಿಕ್ಕದು. ವಯಸ್ಸಿನ ಕಥೆ ಕೇಳಿ ಗಿಡ ಕೊಂಡವರು ಒಂದು ವರ್ಷ ಬಂದವರಿಗೆಲ್ಲ ತೋರಿಸುತ್ತಾರೆ, ಆಮೇಲೆ ನೀರು ಹಾಕುವುದನ್ನು ಮರೆಯುತ್ತಾರೆ. ಗಿಡದ ಹುಚ್ಚು ನಿಜವಾಗಿ ಹತ್ತಿದವರನ್ನು ಹಿಡಿದಿಡುವುದು ಇದರ ನಡವಳಿಕೆ.

ನಡವಳಿಕೆ ಅಂದರೆ ಏನು, ಹತ್ತಿರದಿಂದ ಹೇಳುತ್ತೇನೆ.

ಮಾವಿನ ಕೊಂಬೆ ನೋಡಿ. ಕೊಂಬೆಯಿಂದ ರೆಂಬೆ, ರೆಂಬೆಯಿಂದ ಕಡ್ಡಿ, ಹೀಗೆ ಕವಲೊಡೆಯುತ್ತಾ ಹೋಗುತ್ತದೆ. ವೊಲೆಮೈ ಮರದಲ್ಲಿ ಪಕ್ಕಕ್ಕೆ ಚಾಚುವ ಕೊಂಬೆ ಹಾಗೆ ಕವಲೊಡೆಯುವುದೇ ಇಲ್ಲ. ಕಾಂಡದಿಂದ ಹೊರಟ ಮೇಲೆ ಒಂದೇ ಎಳೆಯಾಗಿ ಉದ್ದಕ್ಕೆ ಬೆಳೆಯುತ್ತದೆ. ಎಲೆಗಳು ಎರಡೂ ಕಡೆ ಸಾಲಾಗಿ ಕೂತಿರುತ್ತವೆ. ವಿನ್ ಜೋನ್ಸ್ ಜರಿಗಿಡ ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಒಂದು ಕೊಂಬೆಯನ್ನು ಬುಡದಿಂದ ತುದಿಯವರೆಗೆ ಬೆರಳಿಟ್ಟು ನೋಡುತ್ತಾ ಹೋದರೆ ಎಲೆ ಚಿಕ್ಕದಾಗಿ ಶುರುವಾಗಿ, ಉದ್ದವಾಗಿ, ಮತ್ತೆ ಚಿಕ್ಕದಾಗುತ್ತದೆ. ಅಲ್ಲಿಗೆ ಒಂದು ಬೆಳವಣಿಗೆಯ ಕಾಲ ಮುಗಿಯಿತು. ಆಮೇಲೆ ಮುಂದಿನದು ಚಿಕ್ಕದರಿಂದ ಶುರು. ಮರ ಕಡಿದು ಉಂಗುರ ಎಣಿಸಬೇಕಾಗಿಲ್ಲ, ಕೊಂಬೆಯ ಲೆಕ್ಕ ಹೊರಗೇ ಕಾಣುತ್ತದೆ.

ಇನ್ನು ಈ ಕೊಂಬೆಯ ಗತಿ. ಕೆಲವು ವರ್ಷ ಬೆಳೆದ ಮೇಲೆ ಅದರ ತುದಿಯಲ್ಲಿ ಶಂಕು, ಅಂದರೆ ಹೂವಿನ ಬದಲು ಪರಾಗವನ್ನೋ ಬೀಜವನ್ನೋ ಹೊರುವ ಕಾಯಿಯಂಥದ್ದು, ಬರುತ್ತದೆ. ಗಂಡು ಶಂಕುಗಳು ಉದ್ದಕ್ಕೆ ಜೋತಾಡುತ್ತವೆ. ಹೆಣ್ಣು ಶಂಕುಗಳು ದುಂಡಗೆ, ಮೈತುಂಬ ಮುಳ್ಳುಮುಳ್ಳಾಗಿ ಇರುತ್ತವೆ, ಮರದ ಮೇಲ್ಭಾಗದಲ್ಲೇ ಜಾಸ್ತಿ. ಎರಡೂ ಒಂದೇ ಮರದಲ್ಲಿ. ಪರಾಗ ಸಾಗಿಸುವುದು ಗಾಳಿಯ ಕೆಲಸ. ಶಂಕು ಬಂತು ಅಂದರೆ ಆ ಕೊಂಬೆಗೆ ಮುಂದೆ ಬೆಳವಣಿಗೆ ಇಲ್ಲ. ಒಣಗುತ್ತದೆ, ಇಡೀ ಕೊಂಬೆಯೇ ಕಳಚಿ ಬೀಳುತ್ತದೆ. ಎಲೆ ಒಂದೊಂದಾಗಿ ಉದುರಿಸುವ ರಗಳೆ ಇಲ್ಲ. ಹೊಸದಾಗಿ ಗಿಡ ತಂದವರು ಕೆಳಗಿನ ಕೊಂಬೆ ಕಂದು ಬಣ್ಣಕ್ಕೆ ತಿರುಗಿ ಬಿದ್ದಾಗ ಗಿಡ ಸತ್ತೇಹೋಯಿತು ಅಂತ ಗಾಬರಿಯಾಗುತ್ತಾರೆ. ಮೇಲೆ ಚಿಗುರು ಹಸಿರಾಗಿದ್ದರೆ ಏನೂ ಆಗಿಲ್ಲ ಅಂತ ಅರ್ಥ.

ಚಳಿಗಾಲದಲ್ಲಿ ಇನ್ನೊಂದು ತಮಾಷೆ. ಬೆಳೆಯುವ ತುದಿಯ ಮೊಗ್ಗಿನ ಮೇಲೆ ಬೆಳ್ಳಗೆ ಮೇಣದಂಥ ಅಂಟು ಕಟ್ಟಿಕೊಳ್ಳುತ್ತದೆ. ಇಲ್ಲಿಯವರು ಪೋಲಾರ್ ಕ್ಯಾಪ್ ಅನ್ನುತ್ತಾರೆ. ಮುಟ್ಟಿದರೆ ಜಿಗುಟು. ಚಳಿಯಲ್ಲಿ ಮೊಗ್ಗನ್ನು ಕಾಯುವುದು ಅದರ ಕೆಲಸ. ಎಷ್ಟೋ ಹಿಮಯುಗಗಳನ್ನು ಈ ವಂಶ ದಾಟಿ ಬಂದಿದ್ದರಲ್ಲಿ ಇದರ ಪಾಲೂ ಇದೆ ಅನ್ನುವವರಿದ್ದಾರೆ. ವಸಂತದಲ್ಲಿ ಆ ಟೋಪಿ ಒಡೆದು ಒಳಗಿಂದ ತಿಳಿಹಸಿರು ಚಿಗುರು ಹೊರಬರುತ್ತದೆ. ಹಳೇ ಎಲೆಯ ಕಡುಹಸಿರಿನ ಪಕ್ಕದಲ್ಲಿ ಈ ಬಣ್ಣ ಎಷ್ಟು ಎದ್ದು ಕಾಣುತ್ತದೆ ಅಂದರೆ, ಕೆಳಗಿನ ರಸ್ತೆಯಲ್ಲಿ ಹೋಗುವವರೂ ಒಂದು ಸಲ ತಲೆ ಎತ್ತಿ ನೋಡುತ್ತಾರೆ.

ಬೆಳೆದ ಮರದ ತೊಗಟೆ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಗಿಡಕ್ಕೆ ಇನ್ನೂ ಆ ವಯಸ್ಸಾಗಿಲ್ಲ. ಬ್ಲೂ ಮೌಂಟನ್ಸ್‌ನ ಮೌಂಟ್ ಟೋಮಾದಲ್ಲಿ ಬೊಟಾನಿಕ್ ಗಾರ್ಡನ್ ಇದೆ, ಅಲ್ಲಿ ನೆಟ್ಟ ಮರಗಳನ್ನು ನೋಡಬಹುದು. ಕಂದು ತೊಗಟೆಯ ಮೇಲೆಲ್ಲ ಗುಳ್ಳೆ ಗುಳ್ಳೆ. ಬೆಲ್ಲದ ಪಾಕ ಕೊತಕೊತ ಕುದಿಯುವಾಗ ಯಾರೋ ಅದನ್ನು ಹಾಗೇ ಗಟ್ಟಿಯಾಗಿಸಿಬಿಟ್ಟರೇನೋ ಅನ್ನುವ ಹಾಗೆ. ಬೇರೆ ಯಾವ ಮರದಲ್ಲೂ ಇಂಥದ್ದನ್ನು ನಾನು ಕಂಡಿಲ್ಲ.

ಬುಡದಿಂದ ಹೊಸ ಕಾಂಡಗಳನ್ನು ಎಬ್ಬಿಸುವುದೂ ಇದರ ಸ್ವಭಾವ. ಕಾಡಿನ ಮರಗಳಲ್ಲಿ ಒಂದೇ ಬುಡಕ್ಕೆ ಹಲವಾರು ಕಾಂಡ. ಬಂಡೆ ಉರುಳಿ ಒಂದು ಕಾಂಡ ಮುರಿದರೆ ಇನ್ನೊಂದು ಏಳುತ್ತದೆ. ಆದ್ದರಿಂದ ಒಂದು ಕಾಂಡದ ವಯಸ್ಸು ಹೇಳಬಹುದು, ಬೇರಿನ ವಯಸ್ಸು ಹೇಳೋದು ಕಷ್ಟ. ತೋಟದವರಿಗೆ ಇದರಿಂದ ಒಂದು ಅನುಕೂಲ ಇದೆ. ಧಾರಾಳವಾಗಿ ಕತ್ತರಿ ಆಡಿಸಬಹುದು. ತುದಿ ಚಿವುಟಿದರೆ ಸುಪ್ತವಾಗಿದ್ದ ಮೊಗ್ಗೊಂದು ಎಚ್ಚೆತ್ತು ಹೊಸ ತುದಿಯಾಗುತ್ತದೆ. 40 ಮೀಟರ್ ಬೆಳೆಯುವ ಮರವನ್ನು ಕುಂಡದಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳಲು ಸಾಧ್ಯವಾಗುವುದು ಹೀಗೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಬಾಲ್ಕನಿಯಲ್ಲಿ ನಿಂತು ವಿಚಾರಣೆ ಶುರುಮಾಡಿದರು.

"ಇದು ಹೂ ಬಿಡತ್ತೇನೋ?"

"ಇಲ್ಲಮ್ಮ, ಇದು ಹೂ ಬಿಡೋ ಜಾತಿ ಅಲ್ಲ."

"ಹಣ್ಣು?"

"ಇಲ್ಲ."

"ನೆರಳಾದ್ರೂ ಕೊಡತ್ತಾ?"

"ಕುಂಡದಲ್ಲಿದ್ರೆ ಎಲ್ಲಿ ಕೊಡತ್ತೆ?"

"ಮತ್ತೆ ಯಾಕೋ ದುಡ್ಡು ಕೊಟ್ಟು ತಂದೆ?"

ಸುಮ್ನೆ ನಕ್ಕೆ. ಆದರೆ ಎರಡು ದಿನ ಬಿಟ್ಟು ನೋಡಿದರೆ ಅವರೇ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತಿದ್ದ ನೀರು ಚೆಲ್ಲುತ್ತಿದ್ದರು. ಬೇರು ಕೊಳೆಯತ್ತೆ ಕಣೋ, ಅಷ್ಟೂ ಗೊತ್ತಾಗಲ್ವಾ ಅಂತ ನನಗೇ ಬೈಗುಳ. ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಸಣ್ಣ ಗಿಡಕ್ಕೆ ಅರೆನೆರಳು ಸಾಕು, ಸ್ವಲ್ಪ ಹುಳಿ ಮಣ್ಣು ಒಳ್ಳೆಯದು, 40 ಡಿಗ್ರಿ ಬಿಸಿಲನ್ನೂ ಸೊನ್ನೆಗಿಂತ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಬ್ರಿಟನ್ನಿನ ತೋಟಗಳಲ್ಲೂ ಹೊರಗೇ ಬೆಳೆಯುತ್ತಿದೆ. ಬೇರು ಒದ್ದೆಯಲ್ಲಿ ನಿಂತರೆ ಮಾತ್ರ ಕಥೆ ಮುಗಿಯಿತು.

ಈ ಬೇರು ಕೊಳೆಯುವ ವಿಷಯವೇ ನನ್ನನ್ನು ಮತ್ತೆ ಕಂದರಕ್ಕೆ ಕರೆದೊಯ್ಯುತ್ತದೆ. ಫೈಟಾಫ್ತೊರಾ ಸಿನಮೊಮಿ ಅಂತ ಒಂದು ರೋಗಾಣು. ಮಣ್ಣಿನಲ್ಲಿ, ನೀರಿನಲ್ಲಿ ಹರಡಿ ಬೇರನ್ನು ಕೊಳೆಸುತ್ತದೆ. ಹೊಸ ಜಾಗಕ್ಕೆ ಅದು ಹೋಗಲು ಏನು ಬೇಕು? ಬೂಟಿನ ಅಡಿಯಲ್ಲಿ ಅಂಟಿದ ಒಂದು ಚಿಟಿಕೆ ಕೆಸರು ಸಾಕು. ವೊಲೆಮೈ ಮರಗಳಿಗೆ ಇದನ್ನು ತಡೆಯುವ ಶಕ್ತಿ ಕಡಿಮೆ. ಅದರ ಮೇಲೆ ಇನ್ನೊಂದು ಕಷ್ಟ. ಕಾಡಿನ ಮರಗಳೆಲ್ಲ ವಂಶವಾಹಿಯಲ್ಲಿ ಹೆಚ್ಚುಕಡಿಮೆ ಒಂದೇ. ಮೊದಮೊದಲ ಪರೀಕ್ಷೆಗಳಲ್ಲಿ ಮರದಿಂದ ಮರಕ್ಕೆ ವ್ಯತ್ಯಾಸವೇ ಸಿಕ್ಕಿರಲಿಲ್ಲ. 2023ರಲ್ಲಿ ಇದರ ಇಡೀ ಜೀನೋಮ್, ಅಂದರೆ ವಂಶವಾಹಿಯ ಪೂರ್ತಿ ಬರಹ, ಓದಿ ಮುಗಿಸಿದರು. 26 ಕ್ರೋಮೋಸೋಮ್, ಸುಮಾರು 1,220 ಕೋಟಿ ಅಕ್ಷರ, ಅಂದರೆ ಮನುಷ್ಯನದಕ್ಕಿಂತ ಎಷ್ಟೋ ಪಟ್ಟು ಉದ್ದ. ಅಷ್ಟೆಲ್ಲ ಇದ್ದರೂ ಮರಗಳ ನಡುವೆ ಭೇದ ತೀರಾ ಕಡಿಮೆ. ಒಂದು ಮರಕ್ಕೆ ಬಂದ ರೋಗ ಎಲ್ಲದಕ್ಕೂ ಬರಬಹುದು.

ಇಂಥ ಮರ ಸಿಕ್ಕಿತು ಅಂತ 1994ರ ಕೊನೆಯಲ್ಲಿ ಜಗತ್ತಿಗೇ ಗೊತ್ತಾಯಿತು. ಗಿಡ ಸಂಗ್ರಹಿಸುವವರ ಸ್ವಭಾವ ನನಗೆ ಗೊತ್ತು, ನಾನೂ ಆ ಪೈಕಿಯೇ. ಎಲ್ಲೂ ಸಿಗದ ಗಿಡ ಅಂದರೆ ನಿದ್ದೆ ಬರಲ್ಲ. ಕದ್ದಾದರೂ ತರುತ್ತಾರೆ. ಆರ್ಕಿಡ್‌ಗಳ ಕಥೆ ಹಾಗೇ ಆಗಿದೆ, ಕಳ್ಳಿಗಳ ಕಥೆ ಹಾಗೇ ಆಗಿದೆ. ಸಿಡ್ನಿಯ ಬೊಟಾನಿಕ್ ಗಾರ್ಡನ್‌ನಲ್ಲಿ ಮೊದಲ ವೊಲೆಮೈ ನೆಟ್ಟಾಗ ಸುತ್ತ ಕಬ್ಬಿಣದ ಪಂಜರ ಹಾಕಬೇಕಾಯಿತು. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ 2005ರಲ್ಲಿ ಟಿವಿಯ ಪ್ರಕೃತಿ ಕಾರ್ಯಕ್ರಮಗಳ ಡೇವಿಡ್ ಅಟೆನ್‌ಬರೋ ನೆಟ್ಟ ಗಿಡಕ್ಕೂ ಪಂಜರ. ಮೃಗಾಲಯದಲ್ಲಿ ಪಂಜರ ಇರುವುದು ಒಳಗಿನ ಪ್ರಾಣಿಯಿಂದ ನಮ್ಮನ್ನು ಕಾಪಾಡೋಕೆ. ಇಲ್ಲಿ ಉಲ್ಟಾ.

ಹಾಗಾಗಿ ಲೆಕ್ಕ ಹಾಕಿದರು. ಮನೆಮನೆಯಲ್ಲೂ ಇದ್ದರೆ ಕಂದರಕ್ಕೆ ಯಾರು ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ? ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಡ್ಡಿಗಳಿಂದ ಸಸಿ ಎಬ್ಬಿಸುವ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾಯಿತು. 2005ರ ಅಕ್ಟೋಬರಿನಲ್ಲಿ ಸೋದಬೀಸ್ ಅನ್ನುವ ಹರಾಜು ಸಂಸ್ಥೆ ಇವುಗಳನ್ನು ಹರಾಜು ಹಾಕಿತು. ಕಾಡಿನ ಮರಗಳ ಕಡ್ಡಿಯಿಂದ ನೇರವಾಗಿ ಬೆಳೆಸಿದ ಮೊದಲ ಪೀಳಿಗೆಯ 292 ಗಿಡಗಳು 10 ಲಕ್ಷ ಆಸ್ಟ್ರೇಲಿಯನ್ ಡಾಲರಿಗಿಂತ ಜಾಸ್ತಿಗೆ ಹೋದವು. ಮುಂದಿನ ವರ್ಷದ ಏಪ್ರಿಲ್‌ನಿಂದ ಸಾಮಾನ್ಯರಿಗೂ ಮಾರಾಟ. ಮಾರಾಟದ ಹಣದಲ್ಲಿ ಒಂದು ಪಾಲು ಕಾಡಿನ ಮರಗಳ ರಕ್ಷಣೆಗೆ.

ಇದು ಪೂರ್ತಿ ಕೆಲಸ ಮಾಡಿತಾ ಅಂದರೆ, ಇಲ್ಲ. ಅದೇ 2005ರಲ್ಲಿ, ಒಂದು ಕಡೆ ಹರಾಜು ನಡೆದ ವರ್ಷದಲ್ಲೇ, ಕಂದರದಲ್ಲಿ ಫೈಟಾಫ್ತೊರಾ ಸಿಕ್ಕಿತು. ಅನುಮತಿ ಇಲ್ಲದೆ ನುಗ್ಗಿದ ಯಾರದೋ ಬೂಟಿನಲ್ಲಿ ಬಂದಿರಬೇಕು ಅನ್ನುವುದು ತಜ್ಞರ ಅನುಮಾನ. ಆ ಮನುಷ್ಯ ಕೆಟ್ಟವನೇ ಆಗಿರಬೇಕಿಲ್ಲ. ಮರದ ಕೆಳಗೆ ನಿಂತು ಮೇಲೆ ನೋಡಿ, ಒಂದು ಫೋಟೋ ತೆಗೆದು, ಒಂದು ಎಲೆಯನ್ನೂ ಕೀಳದೆ ವಾಪಸ್ ಬಂದಿರಬಹುದು. ಈಗ ಅಲ್ಲಿಗೆ ಹೋಗುವ ಸಂಶೋಧಕರು ಕೂಡ ಬೂಟು, ಸಾಮಾನು ಎಲ್ಲ ಔಷಧಿಯಲ್ಲಿ ತೊಳೆದೇ ಹೋಗಬೇಕು. 2021ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಆ ಜಾಗಕ್ಕೆ ವಿಶೇಷ ರಕ್ಷಣೆ ಕೊಟ್ಟು, ಹಾನಿ ಮಾಡಿದವರಿಗೆ 3,30,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು ಅಂತ ಇಟ್ಟರು.

ಬೆಂಕಿಗೆ ಕಾನೂನು ಗೊತ್ತಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಸಿಡಿಲಿನಿಂದ ಹೊತ್ತಿದ ಗಾಸ್ಪರ್ಸ್ ಮೌಂಟನ್ ಬೆಂಕಿ 5 ಲಕ್ಷ ಹೆಕ್ಟೇರಿಗಿಂತ ಜಾಸ್ತಿ ಸುಟ್ಟಿತು. ಆ ಬೇಸಿಗೆಯಲ್ಲಿ ಸಿಡ್ನಿಯ ಆಕಾಶ ವಾರಗಟ್ಟಲೆ ಕಿತ್ತಳೆ ಬಣ್ಣಕ್ಕಿತ್ತು, ಇಲ್ಲಿದ್ದವರಿಗೆ ಅದು ಮರೆಯಲ್ಲ. ಬೆಂಕಿ ನೇರವಾಗಿ ಕಂದರದ ಕಡೆಗೇ ಹೊರಟಿತ್ತು. ವಿಮಾನಗಳು ಸುತ್ತ ಬೆಂಕಿ ತಡೆಯುವ ರಾಸಾಯನಿಕ ಸುರಿದವು. ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಕೆಳಗಿಳಿಸಿದರು. ಅವರು ಕಂದರದೊಳಗೆ ಪಂಪು, ಪೈಪು ಜೋಡಿಸಿ ನೆಲ ಒದ್ದೆ ಮಾಡಿದರು. ಬೆಂಕಿ ಬಂದೇ ಬಂತು, ಕೆಲವು ಮರಗಳು ಕರಿಗಟ್ಟಿದವು, ಆದರೆ ಗುಂಪು ಉಳಿಯಿತು. ಇದೆಲ್ಲ ಮುಗಿದ ಮೇಲೆ, 2020ರ ಜನವರಿಯಲ್ಲಷ್ಟೇ ಸರ್ಕಾರ ಬಾಯಿಬಿಟ್ಟಿತು. ಅಷ್ಟು ದೊಡ್ಡ ಕಾರ್ಯಾಚರಣೆಯನ್ನೂ ಗುಟ್ಟಾಗಿ ಮಾಡಿದ್ದರು, ಜಾಗ ಗೊತ್ತಾಗಬಾರದು ಅಂತ.

ಅಂಥ ಹೊತ್ತಿನಲ್ಲಿ ನನ್ನ ಬಾಲ್ಕನಿ ಗಿಡದ ಬೆಲೆ ಏನು? ನಿಜ ಹೇಳಬೇಕೆಂದರೆ, ಜಾತಿಯನ್ನು ಉಳಿಸುವ ಲೆಕ್ಕದಲ್ಲಿ ಅಷ್ಟೇನೂ ಇಲ್ಲ. ಅಂಗಡಿಗೆ ಬಂದ ಗಿಡಗಳು ಕೆಲವೇ ಮರಗಳ ಕಡ್ಡಿಗಳು, ಕಾಡಿನಲ್ಲಿರುವ ಆ ಚೂರುಪಾರು ಭೇದವೂ ಇವುಗಳಲ್ಲಿ ಪೂರ್ತಿ ಇಲ್ಲ. ಗಿಡ ಕೊಂಡೆ, ಪ್ರಕೃತಿ ಉಳಿಸಿದೆ ಅಂತ ಎದೆ ಉಬ್ಬಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಜಾತಿ ಉಳಿಸೋಕೆ ಬೇರೆಯೇ ಕೆಲಸ ನಡೆಯುತ್ತಿದೆ. ನೂರಾರು ಸಸಿಗಳನ್ನು ಕಾಡಿನಲ್ಲೇ ಬೇರೆ ಗುಟ್ಟಿನ ಜಾಗಗಳಲ್ಲಿ ನೆಟ್ಟಿದ್ದಾರೆ. 2023ರಲ್ಲಿ ಬೇರೆ ಬೇರೆ ವಂಶವಾಹಿಯ ಸಸಿಗಳನ್ನು ಆರಿಸಿ ಯುರೋಪಿನ ಸಸ್ಯೋದ್ಯಾನಗಳಿಗೆ ಕಳಿಸಿದರು. ಇಂಗ್ಲೆಂಡಿನ ಬೆಜ್‌ಬರಿ ಅದರಲ್ಲಿ ಒಂದು. ಒಂದು ಕಡೆ ರೋಗವೋ ಬೆಂಕಿಯೋ ಬಂದರೆ ಇನ್ನೊಂದು ಕಡೆ ಇರಲಿ ಅಂತ.

ನನ್ನ ಗಿಡ ಮಾಡುವ ಕೆಲಸ ಅಂದರೆ ನನ್ನನ್ನು ಬಾಲ್ಕನಿಯಲ್ಲೇ ಕಟ್ಟಿಹಾಕಿರುವುದು. ಚಿಗುರು ನೋಡುವ ಆಸೆ ಇಲ್ಲೇ ತೀರುತ್ತದೆ. ಆ ಕಂದರ ಎಲ್ಲಿದೆ ಅಂತ ಹುಡುಕುವ ಚಪಲ ನನಗಿಲ್ಲ, ಯಾರಾದರೂ ನಕ್ಷೆ ಕೊಟ್ಟರೂ ಬೇಡ. ಮೌಂಟ್ ಟೋಮಾ ಒಂದು ಗಂಟೆ ಚಿಲ್ಲರೆ ದಾರಿ, ತೊಗಟೆ ಮುಟ್ಟಬೇಕು ಅನಿಸಿದರೆ ಅಲ್ಲಿಗೆ ಹೋದರಾಯಿತು.

ಈಗ ಹೊಸ ತಲೆನೋವು ಒಂದಿದೆ. ಗೆಳೆಯನೊಬ್ಬ ಗಿಡ ನೋಡಿ ಮರುಳಾಗಿದ್ದಾನೆ. ಒಂದು ಕಡ್ಡಿ ಮುರಿದುಕೊಡೋ, ನೆಟ್ಟುಕೊಳ್ತೀನಿ ಅಂತ ಪ್ರತಿ ಸಲವೂ ಕೇಳುತ್ತಾನೆ. ಕೊಡಬಹುದು. ಆದರೆ ಪಕ್ಕದ ಕೊಂಬೆಯ ಕಡ್ಡಿ ನೆಟ್ಟರೆ ಬೇರು ಬಿಟ್ಟರೂ ಅದು ಮರ ಆಗಲ್ಲ. ತಾನು ಕೊಂಬೆ ಅನ್ನೋದನ್ನು ಅದು ಮರೆಯುವುದಿಲ್ಲ, ನೆಲದ ಉದ್ದಕ್ಕೆ ಅಡ್ಡಡ್ಡ ಬೆಳೆಯುತ್ತಾ ಹೋಗುತ್ತದೆ. ನೆಟ್ಟಗೆ ನಿಲ್ಲುವ ಗಿಡ ಬೇಕಿದ್ದರೆ ನಟ್ಟನಡುವಿನ ತುದಿಯನ್ನೇ ಕತ್ತರಿಸಬೇಕು. ಹಾಗಂತ ಅವನಿಗೆ ವಿವರಿಸಿದೆ. ಸರಿ, ಹಾಗಾದ್ರೆ ತುದಿನೇ ಕೊಡು ಅಂದ. ಕತ್ತರಿಸಿದರೆ ಹೊಸ ತುದಿ ಬರುತ್ತದೆ ಅಂತ ನಾನೇ ಮೇಲೆ ಬರೆದಿದ್ದೇನೆ, ಗೊತ್ತು. ಆದರೂ ಕೊಡಲ್ಲ. ನರ್ಸರಿಯಲ್ಲಿ ಸಿಗುತ್ತದೆ, ಹೋಗಿ ಕೊಂಡುಕೋ ಅಂದಿದ್ದೇನೆ.